ಸಿಗರೇಟ್ ಪೊಟ್ಟಣದೊಳಗಿನ ಚಿತ್ರ

ರಿಚ್ಮಂಡ್, ವರ್ಜೀನಿಯಾ
ಭಾನುವಾರ ರಾತ್ರಿ

ಅಪ್ಪನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಅಮ್ಮ ಕಳಿಸಿದ ಚಟ್ನಿಪುಡಿ ತಲುಪಿತು, ಅರ್ಧ ಖಾಲಿಯೂ ಆಯಿತು.

ಚಿಕ್ಕವನಿದ್ದಾಗ ಬಸ್ ಸ್ಟ್ಯಾಂಡಿನಿಂದ ಖಾಲಿ ಸಿಗರೇಟ್ ಪೊಟ್ಟಣ ಆರಿಸಿ ತಂದಿದ್ದಕ್ಕೆ ನನಗೆ ಎರಡು ಬಿಗಿದು, ಎಲ್ಲವನ್ನೂ ಬಚ್ಚಲೊಲೆಗೆ ಹಾಕಿದ್ದಿರಿ. ನೆನಪಿದೆಯಾ? ಇಲ್ಲಿ ಪಕ್ಕದ ಮನೆಯ ಅಜ್ಜ ಅಂಥದ್ದನ್ನೇ ಆಲ್ಬಂನಲ್ಲಿ ಜೋಪಾನ ಮಾಡಿದ್ದಾರೆ!

ಇವತ್ತು ಒಂದು ಚೀಟಿ ನನ್ನ ಕೈಗಿಟ್ಟರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ದಪ್ಪ ರಟ್ಟು. ಇದೇ ಊರಿನ ಅಲೆನ್ ಅಂಡ್ ಜಿಂಟರ್ ಕಂಪನಿ 1880ರ ದಶಕದ ಕೊನೆಯಲ್ಲಿ ಸಿಗರೇಟಿನ ಜೊತೆ ಹಾಕುತ್ತಿದ್ದದ್ದು. ಆಗಿನ ಪೊಟ್ಟಣ ಬರೀ ತೆಳು ಕಾಗದ. ಜೇಬಿನಲ್ಲಿ ಸಿಗರೇಟ್ ಮುರಿಯದಿರಲಿ ಅಂತ ಒಳಗೊಂದು ರಟ್ಟು ಇಡುತ್ತಿದ್ದರು. ಹೇಗೂ ಇಡೋದೇ, ಅದರ ಮೇಲೆ ಚಿತ್ರ ಹಾಕಿದರೆ ವ್ಯಾಪಾರವೂ ಆಗುತ್ತೆ ಅಲ್ವಾ? ಹಕ್ಕಿ, ಬಾವುಟ, ಪೈಲ್ವಾನರು, ಬೇಸ್‌ಬಾಲ್ ಆಟಗಾರರು, ಏನು ಬೇಕು ಹೇಳಿ.

ನನ್ನ ಕೈಲಿದ್ದದ್ದು ಆನಿ ಓಕ್ಲಿ. ಬಂದೂಕಿನ ಗುರಿಯಲ್ಲಿ ಹೆಸರಾದ ಹೆಂಗಸು. ಭೂತಗನ್ನಡಿ ಹಿಡಿದು ನೋಡಿದರೆ ಕೆನ್ನೆಯ ಬಣ್ಣವೆಲ್ಲ ಸಣ್ಣ ಸಣ್ಣ ಚುಕ್ಕಿ. ಆಗ ಚಿತ್ರವನ್ನು ಕಲ್ಲಿನ ಮೇಲೆ ಬರೆದು ಅಚ್ಚು ಹಾಕುತ್ತಿದ್ದರು. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು, ಅದೇ ರಟ್ಟಿನ ಮೇಲೆ ಮತ್ತೆ ಮತ್ತೆ ಅಚ್ಚು. ಒಂದು ಕೂದಲೆಳೆ ಜರುಗಿದ್ದರೂ ಮುಖ ಕೆಡುತ್ತಿತ್ತು. ಬಿಸಾಕುವ ಚೀಟಿಗೆ ಇಷ್ಟೊಂದು ಶ್ರಮ!

ತಿರುಗಿಸಿದರೆ ಅಸಲಿ ಕಿತಾಪತಿ ಇದೆ. ಹಿಂದೆ ಈ ಸರಣಿಯ 50 ಚೀಟಿಗಳ ಹೆಸರಿನ ಪಟ್ಟಿ. ನಿಮ್ಮ ಹತ್ತಿರ ಯಾವುದಿಲ್ಲ ಅಂತ ಕಂಪನಿಯೇ ನೆನಪಿಸುತ್ತೆ. ಇಲ್ಲದ್ದು ಬೇಕಾದರೆ ಇನ್ನೊಂದು ಪೊಟ್ಟಣ. ಬಂದದ್ದೇ ಮತ್ತೆ ಬಂದರೆ ಮತ್ತೊಂದು.

ಸಿಗರೇಟ್ ಸುತ್ತುವ ಯಂತ್ರಕ್ಕೆ ಈ ಕಂಪನಿಯವರೇ 75 ಸಾವಿರ ಡಾಲರ್ ಬಹುಮಾನ ಕಟ್ಟಿದ್ದರಂತೆ. ಬಾನ್ಸ್ಯಾಕ್ ಅನ್ನೋ ಹುಡುಗ ಮಾಡಿಯೂ ಕೊಟ್ಟ. 1881ರಲ್ಲಿ ಪೇಟೆಂಟ್ ಆಯಿತು. ಆದರೆ ಅದನ್ನು ಚೆನ್ನಾಗಿ ದುಡಿಸಿಕೊಂಡವನು ಡರ್ಹಮ್ ಊರಿನ ಸಿಗರೇಟ್ ವ್ಯಾಪಾರಿ ಜೇಮ್ಸ್ ಡ್ಯೂಕ್. 1890ರಲ್ಲಿ ಇವರ ಕಂಪನಿಯೂ ಅವನ ದೊಡ್ಡ ಕೂಟದೊಳಗೆ ಸೇರಿಹೋಯಿತು.

ನೀವು ಬೈದದ್ದು ಸರಿಯೇ ಅಪ್ಪ, ಅಜ್ಜನೂ ಈಗ ಸಿಗರೇಟ್ ಮುಟ್ಟಲ್ಲ. ಆದರೂ ಚೀಟಿಯ ಎರಡೂ ಬದಿ ಫೋಟೊ ತೆಗೆಸಿ ಇದರ ಜೊತೆ ಇಟ್ಟಿದ್ದೇನೆ. ಅಮ್ಮನಿಗೂ ತೋರಿಸಿ. ಬಚ್ಚಲೊಲೆಗೆ ಮಾತ್ರ ಹಾಕಬೇಡಿ.

ನಿಮ್ಮ ಮಗ