ಹೆಂಚು ಹೊದಿಸಿದವರಿಗೆ

ಕಳೆದ ಭಾನುವಾರ ಆರಾಧನೆಯಲ್ಲಿ ಸಭಾಪಾಲಕರು ಕಾಣಿಕೆಗಳನ್ನು ಓದುವಾಗ ನಮ್ಮದೂ ಒಂದು ಸಾಲು ಬಂತು: ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ತುಂಬಿದ್ದಕ್ಕಾಗಿ ಐನೂರು ರೂಪಾಯಿ. ನಮ್ಮ ಹಿಂದಿನ ಸಾಲು ಯಾರದೋ ಹೊಸ ಸ್ಕೂಟರಿನದು, ಮುಂದಿನದು ಮೊಮ್ಮಗನ ಹುಟ್ಟುಹಬ್ಬದ್ದು. ಎಲ್ಲಕ್ಕೂ ಸೇರಿಸಿ ಒಂದೇ ಪ್ರಾರ್ಥನೆ. ತಪ್ಪೇನಿಲ್ಲ, ಕ್ರಮವೇ ಹಾಗೆ. ಆದರೆ ಮನೆಗೆ ಬಂದ ಮೇಲೆ ನನಗೆ ಸಮಾಧಾನವಾಗಲಿಲ್ಲ. ದೇವರಿಗೆ ಹೇಳಬೇಕಾದುದನ್ನು ಹೇಳಿದ್ದಾಗಿತ್ತು. ಮನುಷ್ಯರಿಗೆ ಹೇಳಬೇಕಾದುದು ಹಾಗೆಯೇ ಉಳಿದಿತ್ತು. ದೇವರ ಉಪಕಾರದ ಬಗ್ಗೆ ಸಭೆಯ ಮುಂದೆ "ಒಂದು ಸಾಕ್ಷಿ ಹೇಳಿ ಟೀಚರ್" ಎಂದು ಕೆಲವರು ಕೇಳಿದ್ದರು. ಮೈಕಿನ ಮುಂದೆ ಐದು ನಿಮಿಷ ಕೊಟ್ಟರೆ ನಾಲ್ಕು ಅಳುವುದರಲ್ಲೇ ಹೋಗುತ್ತದೆಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಇಷ್ಟು: ನನ್ನ ಯಜಮಾನರ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದವು. 14 ತಿಂಗಳು, ವಾರಕ್ಕೆ 3 ಸಲ, ಒಂದೊಂದು ಸಲಕ್ಕೆ 4 ಗಂಟೆ ಡಯಾಲಿಸಿಸ್. ಕಳೆದ ನವೆಂಬರಿನಲ್ಲಿ ನನ್ನದೊಂದನ್ನು ತೆಗೆದು ಅವರಿಗೆ ಜೋಡಿಸಿದರು. ಕೆಟ್ಟುಹೋದ ಎರಡನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲವಂತೆ. ಹೊಸದನ್ನು ಕಿಬ್ಬೊಟ್ಟೆಯಲ್ಲಿ ಕೂರಿಸುತ್ತಾರೆ. ಹಾಗಾಗಿ ಈಗ ಅವರಲ್ಲಿ ಮೂರು, ನನ್ನಲ್ಲಿ ಒಂದು. "ನಮ್ಮ ಮನೆಯ ಪಾಲುಪಟ್ಟಿ ಹೀಗಾಯಿತು ನೋಡಿ" ಎಂದು ಅವರು ಬಂದವರಿಗೆಲ್ಲ ಹೇಳಿ ನಗುತ್ತಾರೆ. ಕೊಟ್ಟವಳೆಂದು ನನ್ನನ್ನು ಹೊಗಳುವವರಿದ್ದಾರೆ. ನಾನು ಮಾಡಿದ್ದೆಂದರೆ ಕೆಲವು ಗಂಟೆ ಮತ್ತಿನಲ್ಲಿ ಮಲಗಿದ್ದು. ಅದಕ್ಕೆ ಮೊದಲಿನ 14 ತಿಂಗಳು ಎಚ್ಚರವಿದ್ದು ನಮ್ಮನ್ನು ಹೊತ್ತವರ ಲೆಕ್ಕವೇ ಬೇರೆ.

ಒಂದು ಮಾತನ್ನು ಒಪ್ಪಿಕೊಂಡು ಮುಂದುವರಿಯಬೇಕು. ನಾನು ಶುಕ್ರವಾರದ ಕೂಟದಲ್ಲಿ ದೀರ್ಘ ಪ್ರಾರ್ಥನೆ ಮಾಡುವವಳೆಂದು ಹೆಸರಾದವಳು. ಯಾರದೇ ಕಷ್ಟ ಕೇಳಿದರೂ "ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳುತ್ತೇನೆ" ಎಂದು ಹೇಳಿ, ಅರ್ಧದಷ್ಟನ್ನು ಮರೆತವಳು. ಕಷ್ಟ ನಮ್ಮ ಮನೆಯ ಹೊಸ್ತಿಲು ದಾಟಿದಾಗ ನನ್ನ ಬಾಯಿ ಕಟ್ಟಿಹೋಯಿತು. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬಲ್ಲಿಗೇ ನಿಲ್ಲುತ್ತಿತ್ತು. ಒಂದೆರಡು ತಿಂಗಳಲ್ಲ, ಹೆಚ್ಚುಕಡಿಮೆ ಒಂದು ವರ್ಷ. ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಸಂತೈಸಲು ಬಂದವರು ಬಹಳ. ಅವರಲ್ಲೊಬ್ಬರು, ಮನೆಯಲ್ಲಿ ಬಚ್ಚಿಟ್ಟ ಪಾಪವೇನಾದರೂ ಇದ್ದರೆ ಅರಿಕೆ ಮಾಡಿಕೊಳ್ಳಿ ಎಂದು ನಯವಾಗಿ ಹೇಳಿ ಹೋದರು. ಹುಟ್ಟುಕುರುಡನನ್ನು ತೋರಿಸಿ ಪಾಪ ಮಾಡಿದವರು ಯಾರು, ಇವನೋ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಇವನೂ ಅಲ್ಲ, ಅವರೂ ಅಲ್ಲ ಎಂದು ಯೇಸು ಹೇಳಿದ್ದು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಅವರೂ ಓದಿರುತ್ತಾರೆ. ಇರಲಿ. ಇನ್ನು ಕೆಲವರು ಡಯಾಲಿಸಿಸ್ ಮುಗಿದ ಸಂಜೆಯೇ ಎಂಟು ಹತ್ತು ಜನ ಸೇರಿ ಬರುತ್ತಿದ್ದರು. ನನ್ನ ಯಜಮಾನರು ಹಿಂಡಿದ ಬಟ್ಟೆಯಂತೆ ಮಲಗಿರುತ್ತಿದ್ದರು. ನಾನು ಒಳಗೆ ಚಹಾಕ್ಕೆ ನೀರಿಡುತ್ತ ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದೆ. ಅಂಥ ಒಂದು ಸಂಜೆ ಗುಂಪಿನಲ್ಲಿದ್ದ ಒಬ್ಬ ಅಕ್ಕ, ಪ್ರಾರ್ಥನೆ ಶುರುವಾಗುವ ಮೊದಲೇ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಬಂದು, ಎರಡು ದಿನದಿಂದ ಬಿದ್ದಿದ್ದ ಪಾತ್ರೆಗಳ ಮುಂದೆ ಕುಳಿತರು. ಬೇಡವೆಂದರೆ ಕೇಳಲಿಲ್ಲ. "ನನಗೆ ಬಾಯಲ್ಲಿ ಪ್ರಾರ್ಥನೆ ಕಟ್ಟಲು ಬರುವುದಿಲ್ಲ ಟೀಚರ್, ನೀವು ಆಚೆ ಹೋಗಿ" ಎಂದರು. ಆಮೇಲೆ ಪ್ರತಿ ಬುಧವಾರ ಬಂದರು. ಬಟ್ಟೆಯಿಲ್ಲದವನಿಗೆ, ಊಟವಿಲ್ಲದವನಿಗೆ ಬರೀ ಹರಕೆಯ ಮಾತು ಹೇಳಿ ಕಳುಹಿಸಿದರೆ ಏನು ಬಂತು ಎಂದು ಯಾಕೋಬನು ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ಕೇಳುತ್ತಾನಲ್ಲ, ಆ ಅಕ್ಕನಿಗೆ ಅಧ್ಯಾಯ ವಚನ ಗೊತ್ತಿದೆಯೋ ಇಲ್ಲವೋ, ಬೂದಿ ಮತ್ತು ತೆಂಗಿನ ನಾರು ಗೊತ್ತಿತ್ತು.

ಹಾಗೆಂದು ಬಾಯಿಯ ಪ್ರಾರ್ಥನೆಯನ್ನು ಹಗುರ ಮಾಡಲಾರೆ. ನಮ್ಮ ಸಭೆಯಲ್ಲಿ ಮನೆಬಿಟ್ಟು ಹೊರಬರಲಾಗದ ಒಬ್ಬ ಅಜ್ಜಿ ಇದ್ದಾರೆ. ಮೊದಲ ಡಯಾಲಿಸಿಸ್ಸಿನ ದಿನ ಫೋನ್ ಮಾಡಿ, ಬೈಬಲಿನ 150 ಕೀರ್ತನೆಗಳಲ್ಲಿ ಒಂದನೆಯದನ್ನು ಓದಿ, ಆಮೆನ್ ಎಂದು ಇಟ್ಟರು. ಎರಡನೆಯ ಸಲ ಎರಡನೆಯದು. ಹೀಗೆ ಸರದಿಯಂತೆ. 150 ಮುಗಿದ ಮೇಲೆ ನಿಲ್ಲಿಸುತ್ತಾರೆಂದುಕೊಂಡರೆ ಮತ್ತೆ ಒಂದರಿಂದ ಹಿಡಿದರು. ಆಪರೇಷನ್ ಆಗುವ ಹೊತ್ತಿಗೆ ಎರಡನೆಯ ಸುತ್ತಿನ 32ಕ್ಕೆ ಬಂದಿದ್ದರು. 119ನೆಯ ಕೀರ್ತನೆಗೆ 176 ವಚನಗಳು. "ಭಾಗ ಮಾಡಿ ಅಜ್ಜಿ, ಗಂಟಲು ನೋಯುತ್ತದೆ" ಎಂದೆ. "ಅವನಿಗೆ ನಾಲ್ಕು ಗಂಟೆ ಮಲಗಲು ಆಗುತ್ತದಂತೆ, ನನಗೆ ಅರ್ಧ ಗಂಟೆ ಓದಲು ಆಗದೆ?" ಎಂದರು. ನನ್ನ ಬಾಯಿ ಕಟ್ಟಿದ್ದ ಆ ವರ್ಷ ನಮ್ಮ ಮನೆಯ ಪರವಾಗಿ ದೇವರ ಮುಂದೆ ಮಾತಾಡಿದ್ದು ಆ ನಡುಗುವ ಸ್ವರ.

ಪ್ರೀತಿ ಕೆಲವೊಮ್ಮೆ ಅಪಾಯಕಾರಿಯೂ ಹೌದು. ಸುದ್ದಿ ತಿಳಿದ ಮೊದಲ ವಾರ ಮನೆಯ ಜಗಲಿಯಲ್ಲಿ 22 ಎಳನೀರು ಸೇರಿದ್ದವು. ಕರಾವಳಿಯಲ್ಲಿ ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವುದುಂಟೇ! ಆದರೆ ಕಿಡ್ನಿ ಕೈಕೊಟ್ಟವರಿಗೆ ಎಳನೀರಿನ ಪೊಟ್ಯಾಸಿಯಮ್ ಹೃದಯಕ್ಕೇ ಕುತ್ತು, ಬಾಳೆಹಣ್ಣೂ ಹಾಗೆಯೇ. ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ನಾನು, ಮಕ್ಕಳು ಸೇರಿ ಕುಡಿದು ಕುಡಿದು ಸಾಕಾದೆವು. ಕೊನೆಗೆ ಸ್ತ್ರೀಯರ ಕೂಟದವರು ಆಹಾರತಜ್ಞೆಯ ಪಟ್ಟಿಯನ್ನು ನನ್ನಿಂದ ಕೇಳಿ ಪಡೆದು, ನಕಲು ಮಾಡಿ ಹಂಚಿದರು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೆ ಬೇರೆ ನೀರಿನಲ್ಲಿ ಬೇಯಿಸಬೇಕು, ಉಪ್ಪು ಹೆಸರಿಗಷ್ಟೇ. ಅಂಥ ಸಪ್ಪೆ ಪಲ್ಯವನ್ನು ಒಂಬತ್ತು ಮನೆಗಳವರು ಸರದಿಯಲ್ಲಿ ಮಾಡಿ ಕಳುಹಿಸಿದರು. ತಮ್ಮ ಮನೆಯವರಿಗೆ ಬೇರೆ, ನಮಗೆ ಬೇರೆ. ಅಡುಗೆ ಮಾಡುವವರಿಗೆ ಗೊತ್ತು ಇದೆಂಥ ಕಾಟವೆಂದು.

ಇನ್ನು ಹೆಂಚಿನ ವಿಷಯ. ನಮ್ಮದು ಹಳೆಯ ಮನೆ. ಇವರ ಮುತ್ತಜ್ಜ ಮಂಗಳೂರಿನ ಜೆಪ್ಪಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ತೆರೆದ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಮಾಡಿನ ಮೇಲೆ ಈಗಲೂ ಮಿಶನ್ನಿನ ಹೆಸರು, 1865 ಎಂಬ ಇಸವಿ ಅಚ್ಚೊತ್ತಿದ ಹೆಂಚುಗಳಿವೆ. ಪ್ರತಿ ವರ್ಷ ಮಳೆಗೆ ಮುಂಚೆ ಇವರೇ ಹತ್ತಿ, ಹೆಂಚು ಇಳಿಸಿ, ಪಾಚಿ ತಿಕ್ಕಿ, ಒಡೆದದ್ದನ್ನು ಬದಲಿಸುತ್ತಿದ್ದರು. ಆ ವರ್ಷ ಯಾರು ಹತ್ತಬೇಕು? ಮೇ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಯೌವನಸ್ಥರ ಕೂಟದ ಏಳು ಹುಡುಗರು ಏಣಿ ಹೊತ್ತು ಬಂದರು. ಇಬ್ಬರು ಕಂಪ್ಯೂಟರ್ ಕೆಲಸದವರು, ಜೀವಮಾನದಲ್ಲಿ ಹೆಂಚು ಮುಟ್ಟಿದವರಲ್ಲ. ಇವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಮಾಡಿನ ಮರಗಳಲ್ಲಿ ಪಕ್ಕಾಸು ಯಾವುದು, ರೀಪು ಯಾವುದು, ಕಾಲು ಎಲ್ಲಿ ಇಡಬೇಕು ಎಂದು ಕೆಳಗಿನಿಂದಲೇ ಆಳುತ್ತಿದ್ದರು. ಬಹಳ ದಿನಗಳ ಮೇಲೆ ಅವರ ಗಂಟಲಲ್ಲಿ ಯಜಮಾನಿಕೆಯ ಧ್ವನಿ ಕೇಳಿದೆ. ಹನ್ನೆರಡು ಹೆಂಚು ಕೆಲಸದವರ ಕಾಲಿಗೇ ಸಿಕ್ಕಿ ಒಡೆದವು, ಅದನ್ನೂ ದಾಖಲಿಸಬೇಕು.

ಅಂದು ನನಗೆ ಬೈಬಲಿನ ಆ ಕಥೆ ನೆನಪಾಯಿತು. ಪಾರ್ಶ್ವವಾಯು ರೋಗಿಯನ್ನು ಹಾಸಿಗೆಯ ಸಮೇತ ಹೊತ್ತು ತಂದವರು ಜನಸಂದಣಿಯಿಂದಾಗಿ ಯೇಸುವಿದ್ದ ಮನೆಯೊಳಗೆ ಹೋಗಲಾರದೆ ಚಾವಣಿ ಹತ್ತಿದ ಕಥೆ. ಮಾರ್ಕನು ಚಾವಣಿಯನ್ನು ಅಗೆದು ತೆರೆದರೆಂದು ಬರೆಯುತ್ತಾನೆ. ಲೂಕನು ಹೆಂಚುಗಳ ನಡುವೆ ಇಳಿಸಿದರೆಂದು ಬರೆಯುತ್ತಾನೆ. ನಮ್ಮ ಮಂಗಳೂರಿನವರಿಗೆ ಲೂಕನೇ ಹತ್ತಿರ. ಇಪ್ಪತ್ತು ವರ್ಷ ಭಾನುವಾರ ಶಾಲೆಯಲ್ಲಿ ಬೆಂಕಿಪೆಟ್ಟಿಗೆಯ ಮನೆ, ದಾರದ ಹಗ್ಗ ಮಾಡಿ ಮಕ್ಕಳಿಗೆ ಈ ಕಥೆ ಹೇಳಿದ್ದೇನೆ. ಯೇಸು ನೋಡಿದ್ದು ಅವರ ನಂಬಿಕೆಯನ್ನು, ಹೊತ್ತು ತಂದವರ ನಂಬಿಕೆಯನ್ನು, ಎಂಬುದು ಆ ಅಂಗಳದಲ್ಲಿ ನಿಂತಾಗಲೇ ನನ್ನ ಕಣ್ಣಿಗೆ ಬಿದ್ದದ್ದು. ಮಲಗಿದ್ದವನು ನಂಬಿದ್ದನೋ ಇಲ್ಲವೋ, ಸುವಾರ್ತೆಯಲ್ಲಿ ಆ ಬಗ್ಗೆ ಒಂದು ಮಾತೂ ಇಲ್ಲ. ಅಂದು ರಾತ್ರಿ ಮೊದಲ ಮಳೆ ಬಂತು. ಒಂದು ಹನಿಯೂ ಒಳಗೆ ಬೀಳಲಿಲ್ಲ. ನಾನು ಪ್ರಾರ್ಥಿಸಲಿಲ್ಲ, ಅತ್ತುಬಿಟ್ಟೆ. ಎರಡೂ ಬಹುಶಃ ಒಂದೇ.

ನಮ್ಮ ಸಭೆಯವರಿಗಷ್ಟೇ ಈ ಕೃತಜ್ಞತೆಯಲ್ಲ. ಬೆಳಿಗ್ಗೆ ಆರರ ಪಾಳಿಗೆ ಇವರನ್ನು ಕರೆದೊಯ್ದ ರಿಕ್ಷಾ ಚಾಲಕರು ಬ್ಯಾರಿ ಸಮುದಾಯದವರು. ರಂಜಾನಿನ ಉಪವಾಸದ ದಿನಗಳಲ್ಲೂ ಒಂದು ದಿನ ತಪ್ಪಿಸಲಿಲ್ಲ. ಸೂಜಿ ತೆಗೆದ ಜಾಗದಿಂದ ದಾರಿಯಲ್ಲಿ ರಕ್ತ ಒಸರಿದಾಗ ತಮ್ಮ ಬಿಳಿ ಟವೆಲನ್ನು ಒತ್ತಿ ಹಿಡಿದು ಮತ್ತೆ ಆಸ್ಪತ್ರೆಗೆ ತಿರುಗಿಸಿದವರು ಅವರು. ಬಾಡಿಗೆ ಕೊಡಲಾಗದ ತಿಂಗಳುಗಳನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು, "ಸಾರ್ ನಡೆದುಕೊಂಡು ಬಂದು ಕೊಡಲಿ" ಎಂದರು. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು, ತಾನು ಬೇರೆ ಜನಾಂಗದವನಾದರೂ, ಕತ್ತೆಯ ಮೇಲೆ ಛತ್ರಕ್ಕೆ ಒಯ್ದ ಸಮಾರ್ಯದವನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಈಗ ನನ್ನ ಕಣ್ಣ ಮುಂದೆ ಕತ್ತೆ ಬರುವುದಿಲ್ಲ, ಆ ರಿಕ್ಷಾ ಬರುತ್ತದೆ. ಆ ಕಥೆಯಲ್ಲಿ ಎರಡು ನಾಣ್ಯ ಪಡೆದು ಗಾಯಾಳುವನ್ನು ನೋಡಿಕೊಂಡ ಛತ್ರದವನೂ ಒಬ್ಬನಿದ್ದಾನೆ. ಅವನನ್ನು ನೆನೆಯುವವರು ಕಡಿಮೆ. ಡಯಾಲಿಸಿಸ್ ಕೋಣೆಯ ದಾದಿಯರೇ, ನೀವು ಸಂಬಳಕ್ಕಷ್ಟೇ ದುಡಿಯಲಿಲ್ಲವೆಂದು ನಮಗೆ ಗೊತ್ತು. ಇವರು ಹೆದರುತ್ತಾರೆಂದು ಪ್ರತಿ ಸಲ ಸೂಜಿ ಚುಚ್ಚುವಾಗ ಕ್ರಿಕೆಟ್ ಸ್ಕೋರ್ ಕೇಳುತ್ತಿದ್ದಿರಿ.

ಆಪರೇಷನ್ ಆದ ಮೇಲೆ ಒಂದೇ ಮನೆಯಲ್ಲಿ ಎರಡು ಹಾಸಿಗೆ. ನಾನು ಆರು ವಾರ ಬಾವಿಯಿಂದ ನೀರು ಸೇದುವಂತಿರಲಿಲ್ಲ. ಉತ್ತರ ಕರ್ನಾಟಕದ ಬೆಟಗೇರಿಯಿಂದ ನಾದಿನಿ ಬಂದು ಎರಡು ತಿಂಗಳು ನಿಂತಳು. ಕುಚ್ಚಲಕ್ಕಿ ಗಂಜಿಯನ್ನು ಅವಳು ಕೊನೆಯವರೆಗೂ ಊಟವೆಂದು ಒಪ್ಪಲಿಲ್ಲ, ಆದರೂ ದಿನವೂ ಬೇಯಿಸಿದಳು. ಸೋಂಕಿನ ಭಯದಿಂದ ಜನರ ನಡುವೆ ಹೋಗುವುದು ನಿಷಿದ್ಧ, ಹಾಗಾಗಿ ಕ್ರಿಸ್ಮಸ್ ಆರಾಧನೆಯೂ ಇಲ್ಲ. ಡಿಸೆಂಬರಿನ ಒಂದು ರಾತ್ರಿ ಕ್ಯಾರೊಲ್ ತಂಡದವರು ಎಲ್ಲರೂ ಮುಖಗವಸು ಹಾಕಿಕೊಂಡು ಗೇಟಿನ ಆಚೆಯೇ ನಿಂತು ಹಾಡಿದರು. ಮುಖಗವಸಿನೊಳಗಿನ ಹಾಡು ಅಷ್ಟೇನೂ ಇಂಪಾಗಿರಲಿಲ್ಲ. ಇವರು ಕಿಟಕಿಯಲ್ಲಿ ನಿಂತು ಪೂರ್ತಿ ಕೇಳಿದರು, ಎಂಟು ಗಂಟೆಯ ಮಾತ್ರೆ ಹತ್ತು ನಿಮಿಷ ತಡವಾಯಿತು. ಡಾಕ್ಟರರಿಗೆ ಹೇಳಿಲ್ಲ.

ಈಗ ಒಂದು ಪ್ರಕಟಣೆ. ನಮ್ಮ ಅಡುಗೆಮನೆಯ ಅಟ್ಟದಲ್ಲಿ ನಿಮ್ಮೆಲ್ಲರ 31 ಪಾತ್ರೆಗಳಿವೆ: ಸ್ಟೀಲ್ ಕ್ಯಾರಿಯರ್‌ಗಳು ಐದು, ಮುಚ್ಚಳವಿಲ್ಲದ ಡಬ್ಬಿಗಳು ಎಂಟು, ಡಬ್ಬಿಯಿಲ್ಲದ ಮುಚ್ಚಳಗಳು ಮೂರು, 1987ರ ಮದುವೆಯ ಉಡುಗೊರೆಯೆಂದು ಕೆತ್ತಿದ ಒಂದು ದೊಡ್ಡ ಬೋಗುಣಿ, ಉಳಿದವು ಗುರುತು ಸಿಗದ ತಟ್ಟೆ ಬಟ್ಟಲುಗಳು. ಖಾಲಿ ಪಾತ್ರೆ ಹಿಂದಿರುಗಿಸುವ ರೂಢಿ ನಮ್ಮಲ್ಲಿಲ್ಲ. ಪಕ್ಕದ ಮನೆಯ ಕಥೋಲಿಕ್ ಹೆಂಗಸಿನಿಂದ ನೆವ್ರಿ ಎಂಬ ಕ್ರಿಸ್ಮಸ್ ಸಿಹಿಕಡುಬು ಮಾಡುವುದನ್ನು ಕಲಿಯುತ್ತಿದ್ದೇನೆ. ಡಿಸೆಂಬರಿನ ಮೂರನೆಯ ಶನಿವಾರ ಬಂದು ನಿಮ್ಮ ನಿಮ್ಮದನ್ನು ಒಯ್ಯಿರಿ. ಆ ಬೋಗುಣಿಯವರು ತಪ್ಪದೆ ಬರಬೇಕು. ಅದು ಯಾರದೆಂದು ನಮ್ಮಿಬ್ಬರಿಗೂ ಗೊತ್ತಾಗುತ್ತಿಲ್ಲ.