ಭಾನುವಾರದ ನಕಲು ಅಭ್ಯಾಸ: ಝೆರೋಮ್‌ನ ಮಸೀದಿ ಚಿತ್ರ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಜಲವರ್ಣದವರಿಗೆ ಫ್ರೆಂಚ್ ಕಲಾವಿದ ಝಾನ್-ಲಿಯೋನ್ ಝೆರೋಮ್ 1871ರಲ್ಲಿ ಬರೆದ ‘ಮಸೀದಿಯಲ್ಲಿ ಪ್ರಾರ್ಥನೆ’ ಚಿತ್ರದ ನಕಲು ಅಭ್ಯಾಸ. ಕೈರೋದ ಅಮ್ರ್ ಮಸೀದಿಯ ಕಂಬಸಾಲು ಅದರ ವಸ್ತು. ಪೆನ್ಸಿಲ್ ತಂಡಕ್ಕೆ ಮುಂದಿನ ವಾರ.

ಮೂಲಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅವರ ವೆಬ್‌ಸೈಟಿನಿಂದಲೇ ಉಚಿತವಾಗಿ ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆದ ಪ್ರತಿ ಬೇಡ. ಫೈಲ್ ಕುಗ್ಗಿ ನೆರಳಿನೊಳಗಿನ ವಿವರ ಕಲಸಿಹೋಗಿರುತ್ತದೆ.

ಮೂಲದ ಅಳತೆ 88.9 × 74.9 ಸೆಂ.ಮೀ. ಅದರ ಮೂರನೇ ಒಂದು ಭಾಗ, ಅಂದರೆ ಸುಮಾರು 29.6 × 25 ಸೆಂ.ಮೀ. ಚೌಕಟ್ಟನ್ನು ಎ3 ಹಾಳೆಯಲ್ಲಿ ಮನೆಯಲ್ಲೇ ಎಳೆದು ತನ್ನಿ. ಅಡ್ಡಕ್ಕೆ 5, ಉದ್ದಕ್ಕೆ 6 ಸಮಭಾಗ ಮಾಡಿ. ಪ್ರಿಂಟಿನ ಮೇಲೂ ಅಷ್ಟೇ ಮನೆಗಳು. ಕಾಗದ 300 ಜಿಎಸ್‌ಎಂ ಇರಲಿ, ತೆಳು ಹಾಳೆ ಎರಡನೇ ಲೇಪಕ್ಕೇ ಸುಕ್ಕಾಗುತ್ತದೆ.

ಎಲ್ಲರೂ ಎಡವುವುದು ಕಂಬಗಳಲ್ಲಿ. ಸಮ ಅಂತರದಲ್ಲಿ ಬರೆದರೆ ಆಳವೇ ಬರುವುದಿಲ್ಲ. ಒಂದೇ ಸಾಲಿನ ಕಂಬಗಳ ಬುಡಗಳಿಗೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ, ಅದೇ ಸಾಲಿನ ಮೇಲಿನ ಅಡ್ಡತೊಲೆಗಳಿಗೂ ಎಳೆಯಿರಿ. ಎರಡೂ ಕೂಡುವ ಜಾಗ ಸಿಕ್ಕ ಮೇಲೆಯೇ ಕಮಾನಿಗೆ ಕೈ ಹಾಕಿ. ತೂಗುದೀಪಗಳು ಕಟ್ಟಕಡೆಗೆ.

ಇನ್ನೊಂದು ಮಾತು: ಫೋಟೊದಂತೆ ಕಂಡರೂ ಇದು ಬಹುಶಃ ಜೋಡಿಸಿ ಕಟ್ಟಿದ ದೃಶ್ಯ. ಶಿಸ್ತಿನ ಸಾಲುಗಳ ನಡುವೆ ಅರೆಬೆತ್ತಲೆ ಫಕೀರನನ್ನು ನಿಲ್ಲಿಸಿದ್ದು ಯುರೋಪಿನ ನೋಡುಗರಿಗಾಗಿ ಮಾಡಿದ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಅದನ್ನೂ ಚರ್ಚಿಸೋಣ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಪ್ರಿಂಟ್ ಬೇಕಾದವರು ‘ಪ್ರಿಂಟ್’ ಎಂದೂ ಸೇರಿಸಿ.