ಮಂಡಗದ್ದೆಯಲ್ಲಿ ಇಳಿದುಹೋದ ಹಿರಿಯರಿಗೆ

ಕಳೆದ ವರ್ಷದ ಜೂನ್‌ನಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ನನ್ನ ಚೀಲದಿಂದ ಇಣುಕುತ್ತಿದ್ದ ರಬ್ಬರ್ ಸುತ್ತಿಗೆ, ಫೋಮ್ ಸುರುಳಿ ನೋಡಿ, “ಲ್ಯಾಮಿನೇಟ್ ಹಲಗೆಯೋ? ಮಳೆಗಾಲದಲ್ಲೋ?” ಎಂದಿರಿ. ಆ ಎರಡನೆಯ ಪ್ರಶ್ನೆ ನನ್ನ ಕೋಣೆಯನ್ನು ಉಳಿಸಿತು.

ಮಾರನೆಯ ದಿನವೇ ಕೋಣೆಯ ನೆಲಕ್ಕೆ ಆ ಹಲಗೆ ಜೋಡಿಸಲು ಕೂರುವವನಿದ್ದೆ. ನೀವು ಹೇಳಿದಂತೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಸಿಮೆಂಟ್ ನೆಲಕ್ಕೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಟ್ಟೆ. ತೆಗೆದಾಗ ಅಡಿಯಲ್ಲಿ ಹನಿ! ಒಣಗಿದೆ ಎಂದು ನಂಬಿದ್ದ ನೆಲ ಒಳಗೊಳಗೇ ಬೆವರುತ್ತಿತ್ತು. ಈ ಹಲಗೆಯ ಒಡಲು ಒತ್ತಿದ ಮರದ ನಾರು. ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಹಲಗೆಯ ಪೆಟ್ಟಿಗೆಗಳು ಅಟ್ಟ ಸೇರಿದವು. ಹೆಂಡತಿಯ ನಗು ದೀಪಾವಳಿಯವರೆಗೂ ನಿಲ್ಲಲಿಲ್ಲ, ಅದಿರಲಿ.

ಜನವರಿಯಲ್ಲಿ ಹಾಳೆಯ ಅಡಿ ಒಣಗಿಯೇ ಇತ್ತು. ಪೆಟ್ಟಿಗೆಗಳನ್ನು 48 ಗಂಟೆ ಅದೇ ಕೋಣೆಯಲ್ಲಿ ಮಲಗಿಸಿ, ನೆಲಕ್ಕೆ ದಪ್ಪ ಪಾಲಿಥೀನ್, ಅದರ ಮೇಲೆ ಫೋಮ್ ಹಾಸಿ, ಸುತ್ತಲೂ ಗೋಡೆಯಿಂದ 10 ಮಿಲಿಮೀಟರ್ ಸಂದು ಬಿಟ್ಟು ಜೋಡಿಸಿದೆ. ಸಂದಿಗೆ ಬೆಣೆಯಾಗಿ ಅಡಿಕೆ ದಬ್ಬೆಯ ಚೂರು. ಅದೂ ನಿಮ್ಮದೇ ಉಪಾಯ. ಬಾಗಿಲ ಚೌಕಟ್ಟಿನ ಬಳಿ ಎರಡು ಹಲಗೆ ಕೆಡಿಸಿದ್ದು ಮಾತ್ರ ನನ್ನ ಸ್ವಂತ ಸಾಧನೆ.

ಈ ವರ್ಷದ ಆಷಾಢ ಕಳೆಯಿತು, ಒಂದು ಹಲಗೆಯೂ ಎದ್ದಿಲ್ಲ. ನಿಮಗೆ ನನ್ನ ನಮಸ್ಕಾರ. ಮಂಡಗದ್ದೆಯ ಕಡೆಯವರು ಯಾರಾದರೂ ಇದನ್ನು ನಿಮಗೆ ಓದಿ ಹೇಳಿಯಾರು. ಒಮ್ಮೆ ಕಾಫಿಗೆ ಬನ್ನಿ. ಒದ್ದೆ ಕೊಡೆಯನ್ನು ಮಾತ್ರ ಜಗಲಿಯಲ್ಲೇ ಬಿಡಬೇಕು.